ನಾಲ್ಕು ಬೆರಳು ತಗ್ಗು

ನಿನ್ನ ಸೈಕಲ್ಲಿನ ಸೀಟನ್ನು ನಾನು ಬೇಕೆಂತಲೇ ನಾಲ್ಕು ಬೆರಳು ತಗ್ಗಿಗೆ ಕಟ್ಟಿದೆ. ಅಳತೆ ತಪ್ಪಿದ್ದಲ್ಲ, ಅವಸರದಲ್ಲಿ ಆದದ್ದಲ್ಲ, ತಿಳಿಯದೆ ಆದದ್ದಂತೂ ಅಲ್ಲವೇ ಅಲ್ಲ. ಎಲ್ಲಿರಬೇಕೆಂದು ಗೊತ್ತಿತ್ತು—ಗೊತ್ತಿದ್ದೇ ಅದಕ್ಕಿಂತ ನಾಲ್ಕು ಬೆರಳು ಕೆಳಗಿಳಿಸಿ, ಪಾನಾ ಹಾಕಿ ನಟ್ಟು ಬಿಗಿದೆ. ಏಳು ವರ್ಷ ನೀನು ಅದನ್ನು ತುಳಿದೆ. ಏಳು ವರ್ಷವೂ ನಿನ್ನ ಮೊಣಕಾಲು ನೋಯಿತು. ನಾನು ಎಣ್ಣೆ ಬಿಸಿ ಮಾಡಿ ಕೊಟ್ಟೆ, ಸೀಟು ಮಾತ್ರ ಏರಿಸಲಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು ಹಿತ್ತಲಿಗೆ ಹೋಗಿ ಬಂದೆ, ನೀಲಾ. ನೀನು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೀಯ. ನೆಲದ ಮೇಲೆ ಕೂರುವುದು ನಿನಗೆ ಬಿಟ್ಟುಹೋಗಿ ಎಷ್ಟೋ ವರ್ಷವಾಯಿತು. ‘ಏನ್ ಬರಿಯಾಕತ್ತೀರಿ ಅಷ್ಟು?’ ಎಂದು ನೀನು ಕೇಳಿದೆ. ನಾನು ‘ಏನಿಲ್ಲ’ ಎಂದೆ. ನೋಡು, ತಪ್ಪೊಪ್ಪಿಕೊಳ್ಳಲು ಕೂತ ಮನುಷ್ಯ ಹತ್ತು ಸಾಲು ಬರೆಯುವಷ್ಟರಲ್ಲಿ ಇನ್ನೊಂದು ಸುಳ್ಳು ಹೇಳಿ ಬಂದ. ಬಾಯಿಂದ ಹೇಳುವುದು ನನ್ನ ಕೈಲಾಗದು ಎಂದೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಒಂದನ್ನು ಬಿಟ್ಟರೂ ಆ ಸಂದಿಯಿಂದ ನುಸುಳಿ ಪಾರಾಗಿಬಿಡುವ ಮನುಷ್ಯ ನಾನು.

ಬ್ಯಾಡಗಿ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ. ಮೆಣಸಿನಕಾಯಿ ಸೀಜನ್ನು ಬಂತೆಂದರೆ ಸೀನುತ್ತ ಸೀನುತ್ತಲೇ ಪಂಚರ್ ಹಾಕಬೇಕು. ಪಂಚರನ್ನು ಯಾರಾದರೂ ಹಾಕುತ್ತಾರೆ. ನನ್ನ ಹೆಸರು ನಡೆದದ್ದು ಬೇರೆ ಕೆಲಸಕ್ಕೆ. ಸೈಕಲ್ಲನ್ನು ಆಳಿಗೆ ತಕ್ಕಂತೆ ಹೊಂದಿಸುವುದಕ್ಕೆ. ಹಾವೇರಿಯಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳುತ್ತಿದ್ದರು, ‘ಅಂಗಿ ಹೊಲಿಯೂ ಮೊದಲ ದರ್ಜಿ ಅಳತಿ ತಗೋತಾನೋ ಇಲ್ಲೋ? ನೀನೂ ತಗೋ’ ಎಂದು. ಗಿರಾಕಿಯನ್ನು ಸೀಟಿನ ಮೇಲೆ ಕೂರಿಸಿ, ಪೆಡಲು ಪೂರ್ತಿ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಡಿಸಿ, ಕಾಲು ನೆಟ್ಟಗಾಗುತ್ತದೋ ಇಲ್ಲವೋ ನೋಡಬೇಕು. ಸೀಟಿನ ಮೂತಿಗೆ ಮೊಣಕೈ ಊರಿದರೆ ಬೆರಳ ತುದಿ ಹ್ಯಾಂಡಲಿಗೆ ತಾಗಬೇಕು. ಅವರವರ ಮೊಳ ಅವರವರಿಗೆ. ಹೆಂಗಸರು ಬಂದರೆ ಕಾಲು ಹಿಡಿದು ಅಳೆಯುವಂತಿಲ್ಲ. ಅದಕ್ಕೂ ಉಸ್ತಾದರ ಹತ್ತಿರ ಉಪಾಯವಿತ್ತು. ಆಕೆ ಸೈಕಲ್ ಪಕ್ಕ ನಿಂತು ಸೀಟನ್ನು ಕಂಕುಳಿಗೆ ತಾಗಿಸಿಕೊಂಡು ಕೈ ಕೆಳಗೆ ಚಾಚಲಿ. ಎರಡು ಪೆಡಲುಗಳ ನಡುವಿನ ಅಚ್ಚಿಗೆ ಬೆರಳ ತುದಿ ಮುಟ್ಟಿತೋ, ಎತ್ತರ ಸರಿ.

ಈ ವಿದ್ಯೆಯ ಮೇಲೆ ನನಗೆ ಎಷ್ಟು ಜಂಬವಿತ್ತು ನಿನಗೆ ಗೊತ್ತು. ಮುದಿ ಪೋಸ್ಟ್‌ಮ್ಯಾನ್ ಒಬ್ಬರು ಬೆನ್ನು ಹಿಡಿದುಕೊಂಡು ಬಂದಿದ್ದರು. ನಾನು ಅವರ ಹ್ಯಾಂಡಲ್ ಏರಿಸಿ, ಸೀಟು ಒಂದಿಷ್ಟು ಮುಂದೆ ತಳ್ಳಿಕೊಟ್ಟ ಮೇಲೆ ಬೆನ್ನುನೋವು ಹೋಯಿತೆಂದು ಅವರು ಕಾಗದ ಕೊಟ್ಟ ಮನೆಗೆಲ್ಲ ನನ್ನ ಹೆಸರನ್ನೂ ಹಂಚಿ ಬಂದರು. ಎಲ್ಲರ ಮೊಣಕಾಲು, ಎಲ್ಲರ ಬೆನ್ನು, ಎಲ್ಲರ ಮೊಳ ನನಗೆ ಬಾಯಿಪಾಠ. ಇದನ್ನೆಲ್ಲ ಯಾಕೆ ಬರೆದೆನೆಂದರೆ—ತಿಳಿಯದ ಮಿಸ್ತ್ರಿಯೊಬ್ಬ ನಿನ್ನ ಸೀಟು ತಗ್ಗಿಗೆ ಕಟ್ಟಿದ್ದರೆ ಅದು ಬರೀ ತಪ್ಪು. ನನ್ನದು ಹಾಗಲ್ಲ.

ಎಂಬತ್ತರ ದಶಕದ ಕೊನೆ. ನಮ್ಮ ಮಗಳಿಗೆ ಐದು ತುಂಬಿತ್ತು. ಮದುವೆಗೆ ಮೊದಲೇ ನೀನು ಮುಗಿಸಿದ್ದ ನರ್ಸ್ ತರಬೇತಿಗೆ ಕಡೆಗೂ ನೌಕರಿಯ ಆರ್ಡರು ಬಂತು. ಕದರಮಂಡಲಗಿಯ ಆಚೆಗಿನ ಹಳ್ಳಿಗಳು. ಬಸ್ಸು ಹೊತ್ತಿಗೆ ಸರಿಯಾಗಿಲ್ಲ, ಸೈಕಲ್ಲೇ ಗತಿ. ನೀನು ಹೆದರಲಿಲ್ಲ. ಐರಣಿಯ ಹುಡುಗಿ ನೀನು, ಹೊಳೆದಂಡೆಯ ದಾರಿಯಲ್ಲಿ ಅಣ್ಣನ ಸೈಕಲ್ಲಿನ ಅಡ್ಡಪೈಪಿನ ಕೆಳಗೆ ಕಾಲು ತೂರಿಸಿ ಕಲಿತವಳು. ಹೊಸ ಲೇಡೀಸ್ ಸೈಕಲ್ಲನ್ನು ಅಂಗಡಿ ಮುಂದೆ ಇಳಿಸಿದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ, ಬಸ್‌ಸ್ಟ್ಯಾಂಡು ಒಂದು ಸುತ್ತು ಹೊಡೆದು ಬಂದೆ. ಬೆನ್ನು ನೆಟ್ಟಗೆ, ಕೈ ಹಗುರ. ಇಳಿದಾಗ ನೀನು ನಗುತ್ತಿದ್ದೆ. ಎಷ್ಟು ಚೆಂದ ಕಾಣುತ್ತಿದ್ದೆ ಎಂದು ನಾನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಅಂಗಡಿ ಕಟ್ಟೆಯ ಮೇಲೆ ಯಾವಾಗಲೂ ನಾಲ್ಕು ಜನ ಹಮಾಲರು ಕೂತಿರುತ್ತಿದ್ದರು. ಒಬ್ಬ ಕೂಗಿದ, ‘ಏನೋ ಮಿಸ್ತ್ರಿ, ನಿನ್ನ ಹೇಣ್ತಿ ನಿನಗಿಂತ ಛಲೋ ಹೊಡೀತಾಳಲ್ಲೋ!’ ಇನ್ನೊಬ್ಬ, ‘ಇನ್ನ ನೀ ಹಿಂದ ಕ್ಯಾರಿಯರ್ ಮ್ಯಾಲೆ ಕುಂದ್ರು!’ ಎಲ್ಲರೂ ನಕ್ಕರು, ನೀನೂ ನಕ್ಕೆ. ನಾನೂ ನಕ್ಕೆ—ಹಲ್ಲಿನ ತನಕ ಮಾತ್ರ. ಅಷ್ಟೇ ನಡೆದದ್ದು. ಯಾರೂ ನನ್ನ ತಲೆ ಕೆಡಿಸಲಿಲ್ಲ. ಅವ್ವ ಆಗಿನ್ನೂ ಇದ್ದಳು, ಅವಳು ಒಂದು ಅಡ್ಡ ಮಾತು ಆಡಲಿಲ್ಲ. ಮೊಮ್ಮಗಳನ್ನು ತಾನು ನೋಡಿಕೊಳ್ಳುತ್ತೇನೆಂದು ನಿನಗೆ ಬುತ್ತಿ ಬೇರೆ ಕಟ್ಟಿಕೊಟ್ಟಳು. ಅವಳ ಮೇಲೆ ಹೊರಿಸಲೂ ದಾರಿಯಿಲ್ಲ.

ಅಂದು ಮಧ್ಯಾಹ್ನ ಹಿತ್ತಲಲ್ಲಿ ನಿನ್ನ ಅಳತೆ ತೆಗೆದುಕೊಂಡೆ. ಹೆಂಡತಿಯಾದ್ದರಿಂದ ಕಂಕುಳಿನ ಉಪಾಯವೂ ಬೇಕಾಗಲಿಲ್ಲ. ಹಿಮ್ಮಡಿ ಪೆಡಲಿನ ಮೇಲಿಡಿಸಿ, ಮೊಣಕಾಲ ಹಿಂದೆ ಕೈಯಿಟ್ಟು ನೋಡಿ, ಸೀಟಿನ ಪೈಪಿನ ಮೇಲೆ ಸರಿಯಾದ ಜಾಗಕ್ಕೆ ಅರದಿಂದ ಒಂದು ಗೀರು ಹಾಕಿದೆ. ನೀನು ಮಗಳು ಕರೆದಳೆಂದು ಒಳಗೆ ಹೋದೆ. ನಾನು ಆ ಗೀರನ್ನೇ ನೋಡುತ್ತ ಕೂತೆ. ನೀನು ದಿನಾ ಬೆಳಗ್ಗೆ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಊರ ನಡುವೆ ಹೋಗುವುದು, ಎಲ್ಲಿ ಹೋದೆ ಯಾರ ಮನೆಯಲ್ಲಿ ಕೂತೆ ನನಗೆ ತಿಳಿಯದೆ ಇರುವುದು, ಬಂದು ನನಗೆ ಗೊತ್ತಿಲ್ಲದ ಸಂಗತಿ ಹೇಳುವುದು—ಮನಸ್ಸಿಗೆ ಏನು ಬಂತೆಂದು ಸರಿಯಾಗಿ ಹೇಳಲು ಈಗಲೂ ಬರುತ್ತಿಲ್ಲ. ಹೊಟ್ಟೆಕಿಚ್ಚು ಎಂದರೆ ಅದೇ. ಎಂಟು ದಿನ ಮೊಣಕಾಲು ನೋಯಲಿ, ತಾನೇ ಸಾಕೆಂದು ಬಿಡುತ್ತಾಳೆ ಎಂದುಕೊಂಡೆ. ಬೇಡವೆಂದು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ, ಪಾನಾ ತಿರುಗಿಸುವ ಧೈರ್ಯ ಇತ್ತು. ಗೀರು ಪೈಪಿನೊಳಗೆ ಮುಳುಗಿಹೋಯಿತು.

ನೀನು ಬಂದು ಕೂತು ನೋಡಿ, ‘ತಗ್ಗ ಆತಲ್ಲರಿ?’ ಎಂದು ಕೇಳಿದೆ. ನಾನು ಹೇಳಿದ ಮಾತು ನನಗೆ ಅಕ್ಷರಕ್ಷರವೂ ನೆನಪಿದೆ. ‘ಹೆಣ್ಣುಮಕ್ಕಳಿಗೆ ಸೀಟು ತಗ್ಗ ಇರಬೇಕು. ಎರಡೂ ಪಾದ ನೆಲಕ್ಕ ಹತ್ತಬೇಕು. ಇಲ್ಲಂದ್ರ ಸೀರಿ ಸಿಕ್ಕೊಂಡು ಬೀಳ್ತೀರಿ.’ ನೀನು ತಲೆಯಾಡಿಸಿದೆ. ಊರಿಗೆಲ್ಲ ಸೈಕಲ್ ಹೊಂದಿಸುವ ಗಂಡನ ಮಾತು—ಅನುಮಾನ ಪಡುವುದಕ್ಕೆ ನಿನಗಾದರೂ ಏನು ಕಾರಣವಿತ್ತು?

ಎಂಟು ದಿನ ಕಳೆಯಿತು, ನೀನು ಬಿಡಲಿಲ್ಲ. ಸಂಜೆ ಬಂದು ಬಚ್ಚಲಲ್ಲಿ ಮೊಣಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತ ‘ರೂಢಿ ಇಲ್ಲಲ್ಲ, ಆಗತೈತಿ ತಗೋರಿ’ ಎಂದು ನನಗೇ ಸಮಾಧಾನ ಹೇಳಿದೆ. ತಿಂಗಳಾಯಿತು. ರೂಢಿಯಾಗಲಿಲ್ಲ, ಆಗುವಂಥದ್ದೂ ಅಲ್ಲ. ಕ್ಯಾರಿಯರಿಗೆ ಲಸಿಕೆಯ ಡಬ್ಬಿ ಕಟ್ಟಿಕೊಂಡು, ಒಳಗಿನ ಬರ್ಫ ಕರಗುವ ಮೊದಲು ಹಳ್ಳಿ ಮುಟ್ಟಬೇಕೆಂದು ನೀನು ಜೋರಾಗಿ ತುಳಿಯುತ್ತಿದ್ದೆ. ಮೊಣಕಾಲು ಎದೆಯ ತನಕ ಬರುವಂತೆ ಕೂತು, ಎದುರುಗಾಳಿಯಲ್ಲಿ, ಆ ದಾರಿ. ಮಿಸ್ತ್ರಿಯಾದ ನನಗೆ ಒಂದೊಂದು ತುಳಿತಕ್ಕೂ ನೋವು ಎಲ್ಲಿ ಹುಟ್ಟುತ್ತದೆಂದು ಗೊತ್ತಿತ್ತು. ಚಿಪ್ಪಿನ ಕೆಳಗೆ. ನೀನು ಬೆರಳಿಟ್ಟು ತೋರಿಸುತ್ತಿದ್ದದ್ದೂ ಅಲ್ಲಿಯೇ.

ಆಗಲಾದರೂ ಏರಿಸಬಹುದಿತ್ತಲ್ಲ—ನೀನು ಕೇಳುತ್ತೀಯ, ಕೇಳಬೇಕು. ಏರಿಸಿದ ದಿನವೇ ನಿನಗೆ ತಿಳಿದುಬಿಡುತ್ತಿತ್ತು, ನೀಲಾ. ನಾಲ್ಕು ಬೆರಳು ಸಣ್ಣ ಅಂತರವಲ್ಲ, ಮೊದಲ ತುಳಿತದಲ್ಲೇ ಸೈಕಲ್ ಹಗುರಾಗುತ್ತದೆ. ಆಗ ನೀನು ‘ಮೊದಲ ಯಾಕ ಹಿಂಗ ಮಾಡಲಿಲ್ಲ?’ ಎಂದು ಕೇಳುತ್ತಿದ್ದೆ. ಆ ಒಂದು ಪ್ರಶ್ನೆಗೆ ಹೆದರಿ ನಿನ್ನ ಕಾಲನ್ನು ಸವೆಯಲು ಬಿಟ್ಟೆ. ಇದೂ ಕಾರಣವಲ್ಲ, ನೆಪ. ಯಾಕೆಂದರೆ ಅದೇ ಪೋಸ್ಟ್‌ಮ್ಯಾನರ ಹ್ಯಾಂಡಲನ್ನು ನಾನು ಒಂದೇ ದಿನ ಏರಿಸಿರಲಿಲ್ಲ. ಹಳೇ ಮೈಗೆ ಒಮ್ಮೆಲೇ ಆಗದೆಂದು ವಾರಕ್ಕೊಂದು ನೂಲು—ಇಂಚಿನ ಎಂಟನೇ ಒಂದು ಪಾಲು—ಏರಿಸಿದ್ದೆ, ಅವರಿಗೆ ಗೊತ್ತೂ ಆಗಿರಲಿಲ್ಲ. ನಿನಗೂ ಹಾಗೆ ಮಾಡಬಹುದಿತ್ತು. ಆರು ತಿಂಗಳಲ್ಲಿ ಯಾರಿಗೂ ಸುಳಿವಿಲ್ಲದೆ ಸರಿಹೋಗುತ್ತಿತ್ತು. ಮಾಡಲಿಲ್ಲ.

ಮಾಡಿದ್ದೇನು ಹೇಳುತ್ತೇನೆ. ‘ಒಂಚೂರು ಸೀಟು ನೋಡ್ರಿ’ ಎಂದು ನೀನು ಭಾನುವಾರ ಸೈಕಲ್ ತಂದು ನಿಲ್ಲಿಸುತ್ತಿದ್ದೆ. ನಾನು ನಟ್ಟು ಸಡಿಲಿಸುತ್ತಿದ್ದೆ, ಸೀಟನ್ನು ಆಚೆ ಈಚೆ ತಿರುವುತ್ತಿದ್ದೆ, ಒಂದು ಕಣ್ಣು ಮುಚ್ಚಿ ದೊಡ್ಡ ತಜ್ಞನಂತೆ ನೋಡುತ್ತಿದ್ದೆ, ಮತ್ತೆ ಅದೇ ಜಾಗಕ್ಕೆ ಬಿಗಿಯುತ್ತಿದ್ದೆ. ಸ್ಪ್ರಿಂಗಿಗೆ ಎರಡು ಹನಿ ಎಣ್ಣೆ ಬಿಡುತ್ತಿದ್ದೆ. ನೀನು ಒಂದು ಸುತ್ತು ಹೊಡೆದು ಬಂದು ‘ಈಗ ಸ್ವಲ್ಪ ಛಲೋ ಆತು ನೋಡ್ರಿ’ ಎನ್ನುತ್ತಿದ್ದೆ. ಏನೂ ಆಗಿರುತ್ತಿರಲಿಲ್ಲ. ನನ್ನ ಮೇಲಿನ ನಂಬಿಕೆಯಿಂದಲೇ ನಿನಗೆ ಚೂರು ಹಗುರೆನಿಸುತ್ತಿತ್ತು.

ಮೂರನೆಯ ವರ್ಷವಿರಬೇಕು. ನಿಮ್ಮ ನರ್ಸುಗಳಿಗೆಲ್ಲ ರಾಣೆಬೆನ್ನೂರಿನಲ್ಲಿ ಹದಿನೈದು ದಿನದ ತರಬೇತಿ ಇತ್ತು. ಉಳಿದುಕೊಂಡ ಕಡೆಯಿಂದ ತರಬೇತಿಯ ಜಾಗ ದೂರವೆಂದು ನೀನು ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗಿದ್ದೆ. ಅಲ್ಲಿ ಪಂಚರಾಯಿತು. ಬಂದವಳೇ ಬಟ್ಟೆ ಚೀಲ ಇಳಿಸುತ್ತ ನಗುತ್ತ ಹೇಳಿದೆ, ಅಲ್ಲಿಯ ಮಿಸ್ತ್ರಿ ಸೀಟು ನೋಡಿದವನೇ ‘ಅಕ್ಕಾರ, ಇಷ್ಟು ತಗ್ಗ ಯಾರು ಕಟ್ಟ್ಯಾರ ಇದನ್ನ? ಮೊಣಕಾಲು ಹೋಗ್ತಾವ ನಿಮ್ಮವು’ ಎಂದನಂತೆ. ನೀನು ಬ್ಯಾಡಗಿಯ ನನ್ನ ಅಂಗಡಿಯ ಹೆಸರು ಹೇಳಿದ್ದೇ ತಡ, ಅವನು ಪಾನಾ ಕೆಳಗಿಟ್ಟನಂತೆ. ‘ಅವರ ಕೈಯಿಂದಾದ್ದಂದ್ರ ಸರಿ ಇರತೈತಿ ಬಿಡ್ರಿ. ಅವರಿಗೆ ತಿಳಿದದ್ದು ನನಗೇನ ತಿಳೀತೈತಿ.’ ಇದನ್ನು ನೀನು ಎಷ್ಟು ಹೆಮ್ಮೆಯಿಂದ ಹೇಳಿದೆ! ಗಂಡನ ಹೆಸರು ರಾಣೆಬೆನ್ನೂರಿನ ತನಕ ನಡೆಯುತ್ತದೆಂದು.

ನಾನು ಮರುದಿನ ಬೆಳಗ್ಗೆ, ನೀನು ಮಗಳಿಗೆ ಜಡೆ ಹಾಕುತ್ತಿದ್ದಾಗ, ಸೀಟನ್ನು ಪೈಪಿನ ಸಮೇತ ಹೊರಗೆಳೆದೆ. ಆ ಗೀರು ಹಾಗೇ ಇತ್ತು. ಕಬ್ಬಿಣ ಕೊಯ್ಯುವ ಗರಗಸ ತೆಗೆದುಕೊಂಡು ಪೈಪಿನ ಬುಡದಿಂದ ಅರ್ಧ ಗೇಣಿನಷ್ಟು ಕತ್ತರಿಸಿದೆ. ಇನ್ನು ಯಾವ ಊರಿನ ಯಾವ ಮಿಸ್ತ್ರಿ ಏರಿಸಹೋದರೂ ಸೀಟು ಕೈಗೇ ಬರಬೇಕು, ಹಾಗೆ. ಮೊದಲ ಸಲದ್ದು ಹೊಟ್ಟೆಕಿಚ್ಚಿನಲ್ಲಿ ಮಾಡಿದ್ದು ಎಂದಾದರೂ ಹೇಳಬಹುದು. ಇದಕ್ಕೆ ಏನು ಹೇಳಲಿ? ತಣ್ಣಗೆ ಕೂತು, ಕತ್ತರಿಸಿದ ಅಂಚು ನಿನ್ನ ಕೈಗೆ ಚುಚ್ಚಬಾರದೆಂದು ಅರ ಹಾಕಿ ನುಣುಪು ಬೇರೆ ಮಾಡಿದೆ. ನಿನ್ನ ಕೈಯ ಮೇಲೆ ಅಷ್ಟು ಕಾಳಜಿ ನನಗೆ! ಇಂಥ ಮನುಷ್ಯನನ್ನು ಏನೆಂದು ಕರೆಯಬೇಕೋ ನೀನೇ ಹೇಳು.

ಸುಳ್ಳು ನಮ್ಮ ಮನೆಯಲ್ಲಿಯೇ ನಿಲ್ಲಲಿಲ್ಲ. ಹೆಣ್ಣುಮಕ್ಕಳಿಗೆ ಸೀಟು ತಗ್ಗಿರಬೇಕೆಂದು ನೀನು ನಿನ್ನ ಜೊತೆಯ ನರ್ಸುಗಳಿಗೂ ಹೇಳಿದೆ. ಒಳ್ಳೆಯದು ಗೊತ್ತಾದರೆ ಬಚ್ಚಿಟ್ಟುಕೊಳ್ಳುವವಳಲ್ಲವಲ್ಲ ನೀನು. ಮೂವರು ನನ್ನ ಅಂಗಡಿಗೆ ಬಂದು ‘ನೀಲವ್ವಕ್ಕಾರ ಸೀಟಿನಂಗ ಮಾಡಿಕೊಡ್ರಿ’ ಎಂದರು. ಇಲ್ಲ, ನಿಮಗೆ ಎತ್ತರ ಬೇಕು ಎಂದರೆ ಮಾತು ನಿನ್ನ ಕಿವಿಗೆ ಬರುತ್ತದೆ. ಮೂವರದ್ದೂ ಇಳಿಸಿಕೊಟ್ಟೆ. ಅವರ ಹೆಸರು ನನಗೆ ನೆನಪಿಲ್ಲ, ಕಾಲುಗಳು ಈಗ ಹೇಗಿವೆಯೋ ಗೊತ್ತಿಲ್ಲ.

ಏಳನೆಯ ವರ್ಷ ನಿನ್ನನ್ನು ಮೇಲಿನ ಹುದ್ದೆಗೆ ಕರೆದರು. ಹತ್ತು ನರ್ಸುಗಳ ಕೆಲಸ ನೋಡಿಕೊಳ್ಳುವುದು, ಇನ್ನಷ್ಟು ಹಳ್ಳಿ, ಇನ್ನಷ್ಟು ತಿರುಗಾಟ. ನಾಲ್ಕು ದಿನ ನೀನು ಆ ಕಾಗದವನ್ನು ಚೀಲದಲ್ಲಿಟ್ಟುಕೊಂಡೇ ತಿರುಗಿದೆ. ಐದನೆಯ ದಿನ ಅಂಗಡಿಗೆ ಬಂದು, ಗಿರಾಕಿಗಳು ಹೋಗುವ ತನಕ ಸ್ಟೂಲಿನ ಮೇಲೆ ಕೂತಿದ್ದು, ‘ಒಲ್ಲೆ ಅಂತ ಬರದು ಕೊಟ್ಟೆ. ಮೊಣಕಾಲು ತಾಳಂಗಿಲ್ರಿ’ ಎಂದೆ. ಕಣ್ಣಲ್ಲಿ ನೀರಿತ್ತು. ಕೆಲಸವೆಂದರೆ ನಿನಗೆ ಎಷ್ಟು ಪ್ರೀತಿ ಎಂದು ನನಗೆ ಗೊತ್ತಿತ್ತು. ಆ ಹಳ್ಳಿಗಳಲ್ಲಿ ನಿನ್ನ ಬೆಲ್ಲಿನ ಸದ್ದು ಕೇಳಿ ಬಾಣಂತಿಯರು ಕೂಸು ಎತ್ತಿಕೊಂಡು ಬಾಗಿಲಿಗೆ ಬರುತ್ತಿದ್ದರೆಂದು ನೀನೇ ಹೇಳುತ್ತಿದ್ದೆ. ಅಂದು ನನಗೆ ಏನೆನಿಸಿತು ಗೊತ್ತೆ? ಹಗುರೆನಿಸಿತು. ಸಂತೋಷವಾಯಿತು ಎಂದೇ ಬರೆಯುತ್ತೇನೆ, ಇಷ್ಟು ಬರೆದವನಿಗೆ ಇನ್ನೇನು ನಾಚಿಕೆ. ಸಂಜೆ ಪಾವು ಕಿಲೋ ಜಿಲೇಬಿ ಕಟ್ಟಿಸಿಕೊಂಡು ಬಂದೆ. ನಿನ್ನ ಮನಸ್ಸಿಗೆ ನೋವಾಗಿದೆಯೆಂದು ತಂದಿದ್ದೇನೆಂದುಕೊಂಡು ನೀನು ನನ್ನ ತಟ್ಟೆಗೇ ಮೊದಲು ಹಾಕಿದೆ. ನಾನು ತಿಂದೆ.

ಆಮೇಲೆ ನಿನಗೆ ಊರೊಳಗೇ ಕೆಲಸ ಹಾಕಿದರು. ಸೈಕಲ್ ಮೂಲೆಗೆ ಬಿತ್ತು, ಒಂದು ದಿನ ಗುಜರಿಗೆ ಹೋಯಿತು. ಗುಜರಿಯವನ ಗಾಡಿಯ ಮೇಲೆ ಸೀಟು ತಲೆಕೆಳಗಾಗಿ ಬಿದ್ದಿತ್ತು, ಮೋಟು ಪೈಪು ಎಲ್ಲರಿಗೂ ಕಾಣುವಂತೆ. ನಾನು ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ನಿನಗೆ ಕಾಣದಂತೆ ಬಾಗಿಲಲ್ಲೇ ಅಡ್ಡ ನಿಂತೆ.

ಹೋದ ತಿಂಗಳು ಹಾವೇರಿಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಎರಡೂ ಮೊಣಕಾಲಿಗೆ ಆಪರೇಷನ್ ಆಗಬೇಕೆಂದರು. ಮೊದಲು ಭಾರದ ಕೆಲಸ ಏನಾದರೂ ಮಾಡುತ್ತಿದ್ದಿರಾ ಎಂದು ಕೇಳಿದರು. ನೀನು ‘ಏಳು ವರ್ಷ ಸೈಕಲ್ ಹೊಡದೇನ್ರಿ’ ಎಂದವಳು, ಅವರು ಬರೆದುಕೊಳ್ಳುವುದನ್ನು ನೋಡಿ ಲಗೂನೆ ಸೇರಿಸಿದೆ, ‘ಆದ್ರ ಸೈಕಲ್ ತಪ್ಪಲ್ರಿ ಅದು. ನಮ್ಮ ಮನಿಯವ್ರು ಸ್ವತಃ ಅಳತಿ ತಗೊಂಡು ಕಟ್ಟಿಕೊಟ್ಟದ್ದು.’ ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಸವೆತಕ್ಕೆ ವಯಸ್ಸೂ ಕಾರಣ, ಮೈಭಾರವೂ ಕಾರಣ ಎಂದು ಅವರು ಹೇಳಿದರು. ಸೈಕಲ್ಲೇ ಕಾರಣವೆಂದು ಯಾರೂ ಹೇಳಿಲ್ಲ, ಹೇಳಲೂ ಆಗದೇನೋ. ಆ ಅನುಮಾನದ ಮರೆಯಲ್ಲಿ ಸಾಯುವ ತನಕ ಕೂತಿರಬಹುದು. ಆದರೆ ಆ ಏಳು ವರ್ಷದ ನೋವಿಗೆ ಯಾವ ಡಾಕ್ಟರ ಸಾಕ್ಷಿಯೂ ಬೇಡ. ಅದನ್ನು ಕೊಟ್ಟವನು ನಾನು.

ಮೊನ್ನೆ ಮೊಮ್ಮಗಳು ಸಾಲೆಯಲ್ಲಿ ಕೊಟ್ಟ ಹೊಸ ಸೈಕಲ್ ತಂದಳು. ನೀನು ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಈ ಸಲ ನನ್ನ ಕೈ ಕೇಳಲಿಲ್ಲ—ಆ ಹುಡುಗಿಯ ಕಾಲಿಗೆ ಎಷ್ಟು ಬೇಕೋ ಅಷ್ಟಕ್ಕೆ ಸೀಟು ಏರಿಸಿ ಬಿಗಿದೆ. ಅವಳು ಓಣಿಯ ತುದಿಯ ತನಕ ಹೋಗಿ, ತಿರುಗಿ ಬಂದು, ಮತ್ತೆ ಹೋದಳು. ನೀನು ಅವಳ ಕಾಲನ್ನೇ ನೋಡುತ್ತಿದ್ದೆ. ನಿನ್ನ ಮೊಣಕಾಲು ನೀನೇ ಸವರಿಕೊಳ್ಳುತ್ತ ಕೇಳಿದೆ.

‘ಅಲ್ರಿ, ಹೆಣ್ಣುಮಕ್ಕಳಿಗೆ ತಗ್ಗ ಇರಬೇಕು ಅಂತಿದ್ರಿ. ಆಕಿ ಎಷ್ಟು ಸಲೀಸ ಹೊಡೀತಾಳ ನೋಡ್ರಿ. ನನ್ನ ಸೈಕಲ್ಲಿಗೂ ಹಿಂಗ ಮಾಡಾಕ ಬರತಿತ್ತೇನ್ರಿ?’

ಸಿಟ್ಟಿನಿಂದ ಕೇಳಲಿಲ್ಲ ನೀನು. ಸುಮ್ಮನೆ, ತಿಳಿದುಕೊಳ್ಳಲಿಕ್ಕೆ ಕೇಳಿದೆ. ನಾನು ‘ಚಾ ಕುಡೀತೀಯೇನು?’ ಎಂದು ಒಳಗೆ ಹೋದೆ. ಒಲೆಯ ಮುಂದೆ ನಿಂತು ಹಾಲು ಉಕ್ಕಿಸಿದೆ.

ಬರುತ್ತಿತ್ತು, ನೀಲಾ. ಮೊದಲ ದಿನವೇ ಬರುತ್ತಿತ್ತು. ನೀನು ಸೈಕಲ್ ತಂದು ನಿಲ್ಲಿಸಿದ ಒಂದೊಂದು ಭಾನುವಾರವೂ ಬರುತ್ತಿತ್ತು. ಐದು ನಿಮಿಷದ ಕೆಲಸ.

ನಿನ್ನ ಆಪರೇಷನ್ ಆಗುವ ಮೊದಲು ಇದು ನಿನಗೆ ತಿಳಿಯಬೇಕು. ಆಮೇಲೆ ಹೇಳಿದರೆ, ಹಾಸಿಗೆಯಲ್ಲಿರುವವಳಿಗೆ ನನ್ನ ಸೇವೆಯನ್ನು ತೋರಿಸಿ ಕ್ಷಮೆ ಗಿಟ್ಟಿಸಿದಂತಾಗುತ್ತದೆ. ಹಾಳೆಗಳನ್ನು ನಿನ್ನ ಕೈಗೆ ಕೊಟ್ಟು ಅಂಗಡಿಯ ಕಡೆ ಹೋಗಿಬಿಡು ಎಂದು ಮನಸ್ಸು ಹೇಳುತ್ತಿದೆ—ಅದು ಹಾಗೆಯೇ ಹೇಳುತ್ತದೆ, ಅದರ ಚಾಳಿ ನನಗೆ ಗೊತ್ತು. ಹೋಗುವುದಿಲ್ಲ. ನೀನು ಓದಿ ಮುಗಿಸುವ ತನಕ ನಿನ್ನ ಎದುರಿಗೇ ಕೂತಿರುತ್ತೇನೆ. ಏನು ಕೇಳಿದರೂ ಉತ್ತರ ಹೇಳುತ್ತೇನೆ. ಏನೂ ಕೇಳದೆ ಎದ್ದು ಒಳಗೆ ಹೋಗಬೇಕೆನಿಸಿದರೆ—ಒಬ್ಬಳೇ ಏಳುವುದು ಈಗ ನಿನಗೆ ಆಗುವುದಿಲ್ಲ, ನನ್ನ ಕೈ ಬೇಕಾಗುತ್ತದೆ. ಚಾಚಿಕೊಂಡು ನಿಂತಿರುತ್ತೇನೆ. ಹಿಡಿಯುವುದು, ಬಿಡುವುದು ನಿನಗೆ ಸೇರಿದ್ದು.